ನೀರು ಕೇಳದ ಗಿಡ

ಆ ಹೆಂಗಸು ಕರವಸ್ತ್ರದ ಗಂಟು ಬಿಚ್ಚಿ, ಒಂದು ಹಿಡಿ ಮಣ್ಣನ್ನು ನನ್ನ ನರ್ಸರಿಯ ಮೇಜಿನ ಮೇಲಿಟ್ಟರು. ಮಗಳ ಗೋರಿಯ ಮಣ್ಣು ಎಂದರು. ಅಲ್ಲಿ ನೆಟ್ಟ ಮಲ್ಲಿಗೆ ಎರಡು ಸಲ ಸುಟ್ಟಂತೆ ಒಣಗಿತ್ತು. ಮೂರನೆಯದನ್ನು ಕೇಳಿಕೊಂಡು ಶಹಾಪುರಕ್ಕೆ ಬಂದಿದ್ದರು. ಮಣ್ಣಿನಲ್ಲಿ ಉಪ್ಪು ಬೆಳ್ಳಗೆ ಕಾಣುತ್ತಿತ್ತು. ಕಾಲುವೆ ತಂದು, ನೀರು ಬಸಿದುಹೋಗಲು ದಾರಿ ಮಾಡದವರು ಹೊಲಗಳನ್ನಷ್ಟೇ ಅಲ್ಲ, ಖಬರಸ್ತಾನವನ್ನೂ ಕೆಡಿಸಿದ್ದಾರೆ.

“ಅಮ್ಮಾ, ಈ ಮಣ್ಣಾಗ ಮಲ್ಲಿಗಿ ಬದುಕಂಗಿಲ್ಲರಿ. ಕಣಗಿಲ ಒಯ್ಯರಿ,” ಎಂದೆ. “ಉಪ್ಪು ತಡಕೊಂತೈತಿ. ಬೇರು ಹಿಡೀತಂದ್ರ ನೀರೂ ಕೇಳಂಗಿಲ್ಲ.”

ಅವರು ಕಣಗಿಲೆಯತ್ತ ತಿರುಗಿಯೂ ನೋಡಲಿಲ್ಲ.

“ನೀರ ಕೇಳ್ಲಿಲ್ಲಂದ್ರ ನಾ ಏನಂತ ಹೇಳಿ ಹೋಗ್ಲಿ, ಬೇಟಾ? ಮಗಳ ಹಂತ್ಯಾಕ ಹೊಂಟೀನಂದ್ರ ಮನ್ಯಾಗ ಬಿಡಂಗಿಲ್ಲ. ಅತ್ತು ಅತ್ತು ಜಡ್ಡಿಗೆ ಬೀಳ್ತಿ ಅಂತಾರ. ಗಿಡಕ್ಕ ನೀರ ಹಾಕಿ ಬರ್ತೀನಂದ್ರ ಸುಮ್ಮನಿರ್ತಾರ.”

ಉಪ್ಪು ತಾಳುವ ಹೂಗಿಡಗಳ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಬದಿಗಿಟ್ಟೆ. ಮಲ್ಲಿಗೆಯನ್ನೇ ಕೊಟ್ಟೆ.

ಹೊರಗೆ ಅವರ ಪತಿ ಬೈಕಿನ ಮೇಲೆ ಕಾಯುತ್ತಿದ್ದರು. ಸಸಿಯನ್ನು ಕಂಡು, “ಮತ್ತ ಮಲ್ಲಿಗೀನಾ? ಇದೂ ಸಾಯಂಗಿಲ್ಲೇನ್ರಿ?” ಎಂದು ನನ್ನನ್ನು ಕೇಳಿದರು.

“ಉಪ್ಪಿನ ಮಣ್ಣರಿ. ದಿನಾ ನೀರ ಹಾಕಬೇಕು. ಒಂದ ದಿನಾನೂ ತಪ್ಪಿಸಬಾರದು,” ಎಂದೆ.

ಅವರು ಹೆಂಡತಿಯ ಮುಖ ನೋಡಿ, ತಲೆಯಾಡಿಸಿ ಬೈಕ್ ಚಾಲೂ ಮಾಡಿದರು. ಪದವಿ ಪಡೆದ ಮೇಲೆ ನನ್ನ ಸಲಹೆಯನ್ನು ಮರುಮಾತಿಲ್ಲದೆ ಒಪ್ಪಿದವರು ಅವರೊಬ್ಬರೇ. ಗಿಡವೇನೋ ಬದುಕುವುದಿಲ್ಲ.