ಮಡಿ ಕೈ, ಮಸಿ ಕೈ

ಜರಗನಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಶೀಟಿನ ಶೆಡ್ಡಿತ್ತು. ಮೊದಲು ಅದರಲ್ಲಿ ದನ ಕಟ್ಟುತ್ತಿದ್ದರಂತೆ. ಎಂಬತ್ತರ ದಶಕದ ಆರಂಭದಲ್ಲಿ ಅಕ್ಕ-ತಂಗಿ ಇಬ್ಬರು ಅದನ್ನು ಬಾಡಿಗೆಗೆ ಹಿಡಿದು, ಕಬ್ಬಿನ ಗಾಣದಂಥ ಕಬ್ಬಿಣದ ಪ್ರೆಸ್ಸೊಂದನ್ನು ತಂದು ಇಳಿಸಿದರು. ಇಬ್ಬರೂ ಚಿತ್ರಕಲೆ ಓದಿದವರು. ವಾರವೆಲ್ಲ ಬಣ್ಣದ ಚಿತ್ರ ಬರೆಯುತ್ತಿದ್ದರು. ಭಾನುವಾರ ಸತುವಿನ ತಗಡಿನ ಮೇಲೆ ಗೆರೆ ಕೊರೆದು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಅಕ್ಕನ ಅಚ್ಚುಗಳಲ್ಲಿ ತಲಘಟ್ಟಪುರದ ಕಡೆಯ ಬಂಡೆಗಳು, ತಂಗಿಯವುಗಳಲ್ಲಿ ಮಹಡಿ ಮೇಲೆ ಒಣಗುವ ಬಟ್ಟೆಗಳು. ಬಂಡೆ ಹಗುರ ಕಾಣುತ್ತಿತ್ತು, ಬಟ್ಟೆ ಭಾರ. ಹೇಗೆ ಮಾಡುತ್ತಾರೋ ಎಂದು ಬೆರಗಾಗುತ್ತಿದ್ದೆ. ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನು ಪ್ರೆಸ್ಸಿನ ಚಕ್ರ ತಿರುಗಿಸಲು ಹೋಗುತ್ತಿದ್ದೆ.

ಅವರ ಕೆಲಸಕ್ಕೊಂದು ಕಟ್ಟಳೆ. ಒಬ್ಬಳದು ಮಸಿ ಕೈ, ಇನ್ನೊಬ್ಬಳದು ಮಡಿ ಕೈ. ಮಸಿ ಕೈಯವಳು ತಗಡನ್ನು ಆಸಿಡ್ಡಿಗೆ ಇಳಿಸಿ, ಆಮೇಲೆ ಶಾಯಿ ಹಚ್ಚಿ ಒರೆಸುವವಳು. ಮಡಿ ಕೈಯವಳು ಟ್ರೇಯ ನೀರಿನಲ್ಲಿ ನೆನೆಹಾಕಿದ ದಪ್ಪ ಕಾಗದವನ್ನು ಎತ್ತಿ ತಗಡಿನ ಮೇಲೆ ಹಾಸುವವಳು. ಕಾಗದಕ್ಕೆ ಬೆರಳಿನ ಗುರುತು ಬಿದ್ದರೆ ಅಚ್ಚು ಕೆಟ್ಟಂತೆ.

"ದೂರ ನಿಲ್ಲೇ, ಮುಟ್ಟಿಗಿಟ್ಟೀಯ!" ಎಂದು ತಂಗಿ ಅಕ್ಕನನ್ನೇ ಗದರುತ್ತಿದ್ದಳು.

"ಅಜ್ಜಿ ಹೋದ್ರೂ ಅಜ್ಜಿ ಮಡಿ ಹೋಗ್ಲಿಲ್ಲ ನೋಡಿ," ಎಂದು ಅಕ್ಕ ನನ್ನತ್ತ ತಿರುಗಿ ನಗುತ್ತಿದ್ದಳು.

ಅಕ್ಕನಿಗೆ ಗ್ಲೌಸ್ ಎಂದರೆ ಆಗದು. ಆಸಿಡ್ಡು ಗೆರೆಯನ್ನು ಎಷ್ಟು ಆಳ ತಿಂದಿದೆ ಎಂದು ಉಗುರಿನ ತುದಿಯಲ್ಲೇ ತಿಳಿಯಬೇಕು ಅವಳಿಗೆ. "ರಬ್ಬರ್ ಹಾಕ್ಕೊಂಡ್ರೆ ಗೆರೆ ಗೊತ್ತಾಗಲ್ಲ ಕಣೇ" ಎನ್ನುವಳು. ಅವರ ಪ್ರದರ್ಶನ ಹತ್ತಿರ ಬಂದಿದ್ದ ಒಂದು ಭಾನುವಾರ, ಎಂದಿನಂತೆ ಆಸಿಡ್ಡಿನ ತಟ್ಟೆಯ ಮೇಲೆ ಬಗ್ಗಿ, ಕೋಳಿ ಗರಿಯಿಂದ ಗುಳ್ಳೆಗಳನ್ನು ಸರಿಸಿ, ತಗಡನ್ನು ಬರಿಗೈಯಲ್ಲಿ ಎತ್ತಿದಳು. ಜಾರಿತು. ತಟ್ಟೆಗೇ ಮಟ್ಟಸವಾಗಿ ಬಿತ್ತು, ಆಸಿಡ್ಡು ಅವಳ ಮುಖಕ್ಕೆ ಸಿಡಿಯಿತು. ಈಗಲೂ ಪಾತ್ರೆ ತೊಳೆಯುವಾಗ ತಟ್ಟೆ ನೀರಿಗೆ ಬಿದ್ದ ಸದ್ದಾದರೆ ನಾನು ಮುಖ ಮುಚ್ಚಿಕೊಳ್ಳುತ್ತೇನೆ.

"ಕಣ್ಣು! ನನ್ ಕಣ್ಣು!"

ಶೆಡ್ಡಿಗೆ ನಲ್ಲಿಯಿರಲಿಲ್ಲ. ನೀರಿನ ಡ್ರಮ್ಮು ಅಂಗಳದ ಆಚೆ. ನಾನು ಬಾಗಿಲ ಕಡೆ ತಿರುಗುವಷ್ಟರಲ್ಲಿ, ಅಂದು ಮಡಿ ಕೈಯಾಗಿದ್ದ ತಂಗಿ, ಅಕ್ಕನ ಕುತ್ತಿಗೆ ಹಿಡಿದು ಆ ಮುಖವನ್ನು ಕಾಗದದ ಟ್ರೇಗೆ ಅದ್ದಿಬಿಟ್ಟಿದ್ದಳು. ಉಸಿರಿಗೆಂದು ಎತ್ತಿದಳು, ಮತ್ತೆ ಅದ್ದಿದಳು. "ಕಣ್ ಬಿಡೇ, ನೀರೊಳಗೆ ಕಣ್ ಬಿಡು!" ಪ್ರದರ್ಶನಕ್ಕೆಂದು ತರಿಸಿದ್ದ ಕಾಗದವೆಲ್ಲ ಮುದ್ದೆಯಾಗಿ ಅವಳ ಮೊಣಕೈಗೆ ಸುತ್ತಿಕೊಂಡಿತ್ತು, ಅವಳು ಅದರತ್ತ ನೋಡಲೇ ಇಲ್ಲ. ನಾನು ಡ್ರಮ್ಮಿನಿಂದ ಬಕೆಟ್ ಬಕೆಟ್ ತಂದೆ, ಅವಳು ಸುರಿದಳು.

ಕನಕಪುರ ರಸ್ತೆಯಲ್ಲಿ ಆಟೋ ಸಿಕ್ಕಿತು. ಒದ್ದೆ ಟವೆಲ್ಲಿನೊಳಗಿಂದ ಅಕ್ಕ ಕೇಳಿದಳು: "ಪೇಪರ್ ಎಲ್ಲಾ ಹೋಯ್ತೇನೇ?"

"ಬಾಯ್ ಮುಚ್ಕೊಂಡ್ ಕೂತ್ಕೋ. ಕಣ್ ಹೋದ್ಮೇಲೆ ಆ ಪೇಪರ್ ತಗೊಂಡು ಉಪ್ಪಿನಕಾಯಿ ಹಾಕೋಣ."

ಡ್ರೈವರ್ ಹಿಂದೆ ತಿರುಗಿ ನೋಡಿದ. "ಏನಕ್ಕಾ, ಹೊಡೆದಾಟನಾ?"

"ನೀವ್ ಮುಂದೆ ನೋಡ್ಕೊಂಡ್ ಓಡ್ಸಿ ಅಣ್ಣ," ಎಂದಳು ತಂಗಿ.

ಜಯನಗರದ ಡಾಕ್ಟರು ಎಡಗಣ್ಣಿಗೇನೂ ಆಗಿಲ್ಲವೆಂದರು. ಬಲಗಣ್ಣಿಗೆ ಔಷಧಿ ಹಾಕಿ ಕಟ್ಟು ಕಟ್ಟಿದರು. "ತಕ್ಷಣ ನೀರು ಹಾಕಿದ್ದು ಒಳ್ಳೇದಾಯ್ತು. ಆದ್ರೂ ಕಟ್ಟು ಬಿಚ್ಚೋವರೆಗೂ ಏನೂ ಹೇಳಕ್ಕಾಗಲ್ಲ." ಅಷ್ಟು ದಿನವೂ ತಂಗಿ ಅಕ್ಕನಿಗೆ ಊಟ ಬಡಿಸಿದಳು, ತಲೆ ಬಾಚಿದಳು, ಸಣ್ಣದಕ್ಕೆಲ್ಲ ಬೈದಳು. ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ಕಾಣಲಿಲ್ಲ.

ಕಟ್ಟು ಬಿಚ್ಚುವ ದಿನ ನಾನೂ ಹೋಗಿದ್ದೆ. ಡಾಕ್ಟರು ಅಕ್ಕನಿಗೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿದರು. "ಏನಾದ್ರೂ ಕಾಣ್ತಿದ್ಯಾ?"

ಅಕ್ಕ ಮುಂದಕ್ಕೆ ಬಾಗಿ ಡಾಕ್ಟರ ಎದೆಯತ್ತ ಕಣ್ಣು ಕಿರಿದು ಮಾಡಿದಳು.

"ನಿಮ್ ಶರ್ಟಿನ ಎರಡನೇ ಗುಂಡಿ ಕಪ್ಪು ದಾರದಲ್ಲಿ ಹೊಲ್ದಿದೆ ಡಾಕ್ಟ್ರೇ," ಎಂದಳು ಕೊನೆಗೆ. "ಮಿಕ್ಕಿದ್ದೆಲ್ಲಾ ಬಿಳಿ ದಾರ."

ಡಾಕ್ಟರು ತಲೆ ಬಗ್ಗಿಸಿ ಗುಂಡಿ ನೋಡಿಕೊಂಡರು. ತಂಗಿ ಗೋಡೆಗೆ ಒರಗಿದವಳು ಹಾಗೇ ನೆಲಕ್ಕೆ ಕುಸಿದು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಕ್ಕ ಅವಳನ್ನು ಆ ಕೆಂಪು ಕಣ್ಣೊಂದರಿಂದಲೇ ತುಂಬ ಹೊತ್ತು ನೋಡುತ್ತ ಕುಳಿತಳು. ಇನ್ನೊಂದು ಕಣ್ಣಿನ ಮೇಲಿಟ್ಟ ಅಂಗೈಯನ್ನು ತೆಗೆಯಲೇ ಇಲ್ಲ.