ಹಲಸಿನ ಮರಕ್ಕೆ ಜಾಮೀನು

ಶಿಡ್ಲಘಟ್ಟದ ಆಸುಪಾಸಿನ ಹಳ್ಳಿಗಳಲ್ಲಿ ಯಾರು ಮನೆ ಕಟ್ಟಿದರೂ ಗಿಡ ನೆಡುವ ಮುಂಚೆ ಅಮ್ಮಾಜಮ್ಮನನ್ನು ಕರೆಸುತ್ತಿದ್ದರು. ಕರೆಸದಿದ್ದರೂ ಆಕೆ ಹೋಗುತ್ತಿದ್ದಳೆನ್ನಿ. "ಬಾಗಿಲ ಮುಂದೆ ಹೊಂಗೆ ಹಾಕ್ರಪ್ಪ, ತಂಪಾಗಿರ್ತದೆ. ನುಗ್ಗೆ ಗೋಡೆಯಿಂದ ದೂರ ಇರಲಿ, ಗಾಳಿಗೆ ಪಟಕ್ಕಂತ ಮುರೀತದೆ. ಬಚ್ಚಲ ನೀರು ಯಾಕೆ ಬೀದಿಗೆ ಬಿಡ್ತೀರ, ಬಾಳೆ ಬುಡಕ್ಕೆ ತಿರುಗಿಸಿ." ಮಾತಿನಲ್ಲಿ ಆಕೆಯನ್ನು ಗೆದ್ದವರಿಲ್ಲ. ಗಂಡ ನರಸಿಂಹಪ್ಪನಂತೂ ಗೆಲ್ಲುವ ಆಸೆಯನ್ನೇ ಬಿಟ್ಟಿದ್ದ.

ಇಂಥವಳ ಹಿತ್ತಲಲ್ಲೇ ಒಂದು ಹಲಸಿನ ಮರ ಕಾಯಿ ಬಿಡದೆ ನಿಂತಿತ್ತು. ಮೈಸೂರು ರಾಜ್ಯ ಒಂದಾದ ವರ್ಷ ಮದುವೆಯಾಗಿ ಬಂದಾಗ ತವರು ಮಂಡಿಕಲ್ಲಿನಿಂದ ಸೆರಗಿಗೆ ಕಟ್ಟಿಕೊಂಡು ತಂದ ಬೀಜ ಅದು. ಮೇಕೆ ಬಾಯಿಗೆ ಸಿಗದಂತೆ ಮುಳ್ಳು ಕಟ್ಟಿ, ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹುಯ್ದು ಸಾಕಿದ್ದಳು. ಮರ ಸೂರಿಗಿಂತ ಎತ್ತರ ಬೆಳೆಯಿತು, ಕಾಯಿ ಮಾತ್ರ ಒಂದೂ ಇಲ್ಲ. ಊರವರಿಗೆ ನಗಾಡಲು ಅಷ್ಟು ಸಾಕಾಯಿತು.

ನರಸಿಂಹಪ್ಪನಿಗೆ ಅದೇ ಜಾಗದಲ್ಲಿ ರೇಷ್ಮೆ ಹುಳು ಸಾಕುವ ಮನೆ ಕಟ್ಟಬೇಕಿತ್ತು. "ಯುಗಾದಿ ಹೊತ್ತಿಗೆ ಕಡಿಸೋದೇ ಕಣೇ," ಎಂದುಬಿಟ್ಟ.

ಸಂಕ್ರಾಂತಿಯ ದಿನ ಮರವನ್ನು ಹೆದರಿಸುವುದೆಂದು ಆಕೆ ತೀರ್ಮಾನಿಸಿದಳು. ಅದು ಹಿಂದಿನಿಂದ ಬಂದ ಪದ್ಧತಿ. ಒಬ್ಬರು ಕೊಡಲಿ ಎತ್ತಿ 'ಕಾಯಿ ಬಿಡ್ತೀಯೋ, ಕಡಿಯಲೋ' ಎಂದು ಗದರಬೇಕು. ಇನ್ನೊಬ್ಬರು ಅಡ್ಡ ಬಂದು 'ಬೇಡ, ಮುಂದಿನ ವರ್ಷ ಬಿಡ್ತದೆ, ನಾನು ಜಾಮೀನು' ಎನ್ನಬೇಕು. ಹಾಗೆ ಜಾಮೀನು ನಿಂತ ಮೇಲೆ ವರ್ಷ ತುಂಬುವವರೆಗೆ ಯಾರೂ ಮರ ಮುಟ್ಟುವಂತಿಲ್ಲ. ಗದರಲು ಸೌದೆ ಸೀಳುವ ಕೋನಪ್ಪನನ್ನು ಕರೆದಳು. ಅಡ್ಡ ಬರುವುದು ತಾನೇ. ಅಷ್ಟಕ್ಕೆ ಸುಮ್ಮನಿರಬಾರದೆ? "ನಾಟಕ ಅಂತ ಮರಕ್ಕೆ ಗೊತ್ತಾಗಬಾರದು ಕಣಪ್ಪ. ನಾನು ಬೇಡ ಅನ್ನೋವರೆಗೂ ಕೈ ನಿಲ್ಲಿಸಬೇಡ," ಎಂದಳು. ಕೋನಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಆಸಾಮಿ.

ಅವನು ಗದರಿದ, ಕೊಡಲಿ ಬೀಸಿದ. ತೊಗಟೆ ಎಗರಿ ಅಮ್ಮಾಜಮ್ಮನ ಕಾಲ ಬಳಿ ಬಿತ್ತು. ಗಾಯದಿಂದ ಬೆಳ್ಳಗೆ ಸೊನೆ ಇಳಿಯಿತು. ಅದನ್ನು ಕಂಡದ್ದೇ ಆಕೆಯ ಬಾಯಿ ಕಟ್ಟಿಹೋಯಿತು. ಕೋನಪ್ಪ ಒಮ್ಮೆ ತಿರುಗಿ ನೋಡಿದ. ಬೇಡ ಎನ್ನಲಿಲ್ಲವಲ್ಲ, ಮತ್ತೆ ಬೀಸಿದ. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ತನ್ನ ಮರ ಉಳಿಸುವ ಒಂದು ಮಾತು ಹೊರಡದೆ ನಿಂತಿದ್ದಳು.

ಹಿತ್ತಲ ಬಾಗಿಲಲ್ಲಿ ಕೂತು ಎಳ್ಳುಬೆಲ್ಲ ಮೆಲ್ಲುತ್ತಿದ್ದ ನರಸಿಂಹಪ್ಪ ಹೆಂಡತಿಯ ಮುಖ ನೋಡಿದ. ಎದ್ದವನೇ ಓಡಿಬಂದು ಕೋನಪ್ಪನ ರಟ್ಟೆ ಹಿಡಿದ. "ಬೇಡ ಕಣೋ, ನಿಲ್ಲಿಸು. ಮುಂದಿನ ವರ್ಷ ಬಿಡ್ತದೆ. ನಾನು ಜಾಮೀನು."

ತಾನೇನು ಹೇಳಿದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಕಡಿಸುತ್ತೇನೆಂದವನೇ ಜಾಮೀನು ನಿಂತಾಗಿತ್ತು. ಅಮ್ಮಾಜಮ್ಮ ಅಲ್ಲೇ ಕುಸಿದು ಕೂತು, ಸದ್ಯ ಉಳಿಯಿತಲ್ಲ ಎಂದು ಉಸಿರು ಬಿಟ್ಟಳು. ಆಮೇಲೆ ಸಗಣಿ ಕೆಮ್ಮಣ್ಣು ಕಲಸಿ ಗಾಯಕ್ಕೆ ಮೆತ್ತಿದಳು.

ಮುಂದಿನ ವರ್ಷವೂ ಹಾಳು ಮರ ಕಾಯಿ ಬಿಡಲಿಲ್ಲ. ಸಂಕ್ರಾಂತಿಗೆ ಕೋನಪ್ಪ ಕೊಡಲಿ ಹಿಡಿದು ಬಂದರೆ, ಅವನು ಗದರುವ ಮುಂಚೆಯೇ ನರಸಿಂಹಪ್ಪ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಹುಳುಮನೆ ದನದ ಕೊಟ್ಟಿಗೆಯ ಪಕ್ಕದಲ್ಲಿ ಕೊಂಚ ಸಣ್ಣದಾಗಿ ಎದ್ದಿತು. ಅದರ ಮರುವರ್ಷ ಹಳೆಯ ಗಾಯದ ಮೇಲುಗಡೆ ಎರಡು ಹಲಸಿನ ಮಿಡಿ ಕಂಡವು.

ಮೊದಲ ಹಣ್ಣು ಕೊಯ್ದ ದಿನ ಅಮ್ಮಾಜಮ್ಮ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತ ಕೇಳಿದಳು. "ಕಡಿಸ್ತೀನಿ ಅಂತಿದ್ದೋರು, ಅವತ್ತು ಯಾಕೆ ಅಡ್ಡ ಬಂದ್ರಿ?"

ನರಸಿಂಹಪ್ಪ ತೊಳೆ ತಿಂದು ಬೀಜ ಉಗಿದ. "ಮರಕ್ಕಲ್ಲ ಕಣೇ. ನಿನ್ನ ಬಾಯಲ್ಲಿ ಮಾತು ನಿಂತಿದ್ದು ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಜೀವಾನೇ ಹೋದಂಗಾಯ್ತು."

ಅಮ್ಮಾಜಮ್ಮ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು, ಕೈತುಂಬ ಹಲಸಿನ ಅಂಟು. ಹಾಗೇ ಕೆಳಗಿಳಿಸಿದಳು.

"ಬೀಜ ಉಗೀಬೇಡಿ," ಎಂದಳು. "ಸಾರಿಗೆ ಬೇಕು."