ಟೊಪ್ಪಿಗೆಯೊಳಗಿನ ಬೆಂಡಿನ ತುಂಡು

ಸತ್ತವರು ಬಂದು ಏನೋ ಮಾಡಿಹೋದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ನೀವು ನಗಬಹುದು, ಬೇಸರವಿಲ್ಲ.

ಅಣ್ಣ ಮತ್ತು ನಾನು ಶಿರಸಿಯಲ್ಲಿ ಮರದ ಕೆತ್ತನೆ ಮಾಡುತ್ತಿದ್ದೆವು. ಅಣ್ಣ ಎಡಚ. ಉಳಿಯ ಗುರುತು ಯಾವ ಕಡೆ ವಾಲಿದೆ ಎಂದು ನೋಡಿದರೆ ಸಾಕು, ಅವನ ಕೆಲಸ ಯಾವುದು, ನನ್ನದು ಯಾವುದು ಎಂದು ತಿಳಿಯುತ್ತಿತ್ತು. ವಿಗ್ರಹದ ಕಣ್ಣು ಬಿಡಿಸುವುದು ನಮ್ಮಲ್ಲಿ ಕಟ್ಟಕಡೆಯ ಕೆಲಸ. ಅದು ಯಾವಾಗಲೂ ಅಣ್ಣನದೇ. ನನಗೆ ಕಣ್ಣು ಒಣಗಿ ಉರಿಯುವ ಕಾಯಿಲೆ, ಮೇಲೆ ದಪ್ಪ ಕನ್ನಡಕ. “ನೀ ಬಿಡಿಸಿದ್ರೆ ದೇವ್ರಿಗೂ ಮಾಲುಗಣ್ಣು ಬತ್ತದೆ ಮಾರಾಯಾ” ಎಂದು ಚೇಷ್ಟೆ ಮಾಡುತ್ತಿದ್ದ.

ಬೀಟೆ ಮರದ ಧೂಳು ಅವನ ಎದೆ ಸೇರಿತು. ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟ. ಮನ್ಮನೆ ಊರಿನವರೊಬ್ಬರು ಮಾಡಿಕೊಡಲು ಹೇಳಿದ್ದ ಗಣಪತಿ ಕಣ್ಣಿಲ್ಲದೆ ಉಳಿಯಿತು. ಅದನ್ನು ನಾನು ಮುಗಿಸಬೇಕು, ಇಲ್ಲವೇ ಉಳಿಗಳನ್ನು ಶಾಶ್ವತವಾಗಿ ಕಟ್ಟಿಡಬೇಕು. ಮುಗಿಸುತ್ತೇನೆ ಎಂದಾಗ ಅತ್ತಿಗೆ ಪಟ್ಟು ಹಿಡಿದರು.

“ತಮಾ, ಮೂಗು ಮುಚ್ಚದೇ ಮರ ಮುಟ್ಟೂದು ಬ್ಯಾಡ. ಒಬ್ಬರನ್ನ ಕಳಿಸಿ ಆಯ್ತು.”

ಬಟ್ಟೆಯ ಮಾಸ್ಕ್ ಕಟ್ಟಿದರೆ ಉಸಿರು ಮೇಲೇರಿ ಕನ್ನಡಕ ಮಂಜಾಗುತ್ತಿತ್ತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬ್ಯಾಟರಿಯ ಮಾಸ್ಕ್ ಸಿಕ್ಕಿತು. ಸೊಂಟಕ್ಕೆ ಕಟ್ಟಿದ ಸಣ್ಣ ಫ್ಯಾನು ಗಾಳಿಯನ್ನು ಸೋಸಿ ಕೊಳವೆಯಲ್ಲಿ ಮುಖಕ್ಕೆ ಕಳಿಸುತ್ತದೆ. ಮೂಗು, ಬಾಯಿಗೆ ಬಿಗಿಯುವ ನಮೂನೆ ಕನ್ನಡಕವನ್ನು ಎತ್ತಿಹಾಕುತ್ತಿತ್ತು. “ಚಸ್ಮಾದವರಿಗೆ ಇದು ಚಲೋರಿ, ಹಾಕ್ಕೊಂಡ್ ನೋಡ್ರಿ” ಎಂದು ಅಂಗಡಿಯವರು ಮುಂದೆ ಗಾಜಿನಂಥ ಹಾಳೆಯಿರುವ, ಮುಖವನ್ನೆಲ್ಲ ಮುಚ್ಚುವ ಟೊಪ್ಪಿಗೆ ಕೊಟ್ಟರು. ಒಳಗೆ ಕನ್ನಡಕ ಸಲೀಸಾಗಿ ಕೂತಿತು. ಕೆತ್ತುವವನ ಬುದ್ಧಿ ನೋಡಿ, ಅಳತೆ ಸರಿಯಿದೆಯೇ ಎಂದು ನೋಡಿದೆ, ಗಾಳಿ ಎಲ್ಲಿ ಬೀಳುತ್ತದೆ ಎಂದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸದ ಕೋಣೆಯಲ್ಲಿ ಅದು ಗೊತ್ತಾಯಿತು. ಹಣೆಯ ಮೇಲಿನ ತೂತಿನಿಂದ ಗಾಳಿ ನೇರವಾಗಿ ಕಣ್ಣಿಗೇ ಬೀಳುತ್ತಿತ್ತು. ಔಷಧದ ಹನಿ ಹಾಕಿಕೊಂಡಿದ್ದರೂ ಮರಳು ಎರಚಿದಂತೆ ಉರಿ. ಕಿತ್ತು ತೆಗೆದು, ಅಣ್ಣ ತಲೆವಸ್ತ್ರ ತೂಗುಹಾಕುತ್ತಿದ್ದ ಗೂಟಕ್ಕೆ ಸಿಕ್ಕಿಸಿದೆ. ಎಲ್ಲ ಮುಗಿಯಿತು ಎಂದುಕೊಂಡು ಬೀಗ ಹಾಕಿ ಊಟಕ್ಕೆ ಹೋದೆ. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಊಟವಾದ ಮೇಲೆ ಕೊನೆಯ ಸಲ ಎಂದು ಮತ್ತೆ ಹಾಕಿಕೊಂಡೆ. ಫ್ಯಾನು ಗುಂಯ್ ಎಂದಿತು. ಗಾಳಿ ಕಣ್ಣಿಗೆ ತಾಗಲಿಲ್ಲ. ಎರಡೂ ಕೆನ್ನೆಯ ಪಕ್ಕದಿಂದ ತಣ್ಣಗೆ ಇಳಿದುಹೋಯಿತು. ನನಗೆ ಕುಣಿಯುವಷ್ಟು ಖುಷಿ. ಯಾಕೆ, ಹೇಗೆ ಎಂದು ಕೇಳಿಕೊಳ್ಳಲೂ ಇಲ್ಲ. ಉಳಿ ಹಿಡಿದವನು ಸಂಜೆಯೊಳಗೆ ಗಣಪತಿಯ ಎರಡೂ ಕಣ್ಣು ಬಿಡಿಸಿ, ಉಜ್ಜಿ ನುಣುಪು ಮಾಡಿದೆ.

ಆಮೇಲೆ ಟೊಪ್ಪಿಗೆಯ ಒಳಗೆ ನೋಡಿದೆ. ಗಾಳಿಯ ತೂತಿನ ಕೆಳಗೆ ಬೆರಳಗಲದ ಬೆಂಡಿನ ತುಂಡು, ಮದುವೆಯ ಬಾಸಿಂಗ ಮಾಡುವ ಬೆಂಡು, ಓರೆಯಾಗಿ ಕೊರೆದು ಸಿಕ್ಕಿಸಿತ್ತು. ಕೊರೆತ ಇನ್ನೂ ಬೆಳ್ಳಗಿತ್ತು. ಉಳಿಯ ಗುರುತು ವಾಲಿದ್ದು ಎಡಚನ ಕಡೆಗೆ.

ಅತ್ತಿಗೆಗೆ ತೋರಿಸಿದೆ. ಅಣ್ಣ ಬಾಸಿಂಗಕ್ಕೆಂದು ತಂದು ಮನೆಯಲ್ಲಿ ಉಳಿದಿದ್ದ ಬೆಂಡನ್ನೆಲ್ಲ ಅವರೇ ಹದಿಮೂರನೇ ದಿನ ಕಳೆದ ಮೇಲೆ ಯಾರಿಗೋ ಕೊಟ್ಟಿದ್ದರು. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಕಣ್ಣು ಸರಿ ಬಂತಾ?”

“ಬಂತು.”

“ಮಾಲುಗಣ್ಣು ಅಲ್ದಲಾ?” ಎಂದು ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು.

ನಾನೇ ಮೈಮರೆತು ಕೊರೆದೆನೇ? ಎಡಗೈಯಲ್ಲಿ ನನಗೆ ನಿಂಬೆಹಣ್ಣು ಹೆಚ್ಚಲೂ ಬರುವುದಿಲ್ಲ. ಅಂಗಡಿಯವರು ಇಟ್ಟಿದ್ದರೇ? ಹಾಗಿದ್ದರೆ ಬೆಳಿಗ್ಗೆ ಕಣ್ಣು ಉರಿದದ್ದೇಕೆ? ಪೇಟೆಯಿಂದ ಬೆಂಡು ತಂದು, ಅದೇ ಅಳತೆಯ ಇನ್ನೊಂದು ತುಂಡನ್ನು ನಾನೇ ಕೊರೆದು ಇಟ್ಟು ನೋಡಿದೆ. ಗಾಳಿ ಮತ್ತೆ ಕಣ್ಣಿಗೇ ಬಂತು.

ಆ ಮಾಸ್ಕ್ ಕೆಟ್ಟು, ಬೇರೆ ನಮೂನೆಯದನ್ನು ತಂದಿದ್ದೇನೆ. ಅದರ ಗಾಳಿಯ ತೂತು ಮೊದಲಿನದಕ್ಕಿಂತ ಅಗಲ. ಹಳೆಯ ಬೆಂಡಿನ ತುಂಡನ್ನು ಸುಮ್ಮನೆ ಒತ್ತಿ ನೋಡಿದೆ. ಸಡಿಲವಾಗಿ ಜಾರಬೇಕಿದ್ದ ಅದು, ಈ ತೂತಿಗೇ ಕೊರೆದಂತೆ ಸರಿಯಾಗಿ ಕೂತಿತು.